ನಿಪ್ಪಾಣಿಯಲ್ಲಿ ನಾನು ತಪ್ಪಾಗಿ ಕಲಿಸಿದ ಫ್ರೆಂಚ್ ಕಥೆ

ನಾನು ನಿವೃತ್ತಳಾದ ಮೇಲೆ ಕಾಲೇಜಿನಲ್ಲಿ ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. “ಮೇಡಂ, ಫ್ರೆಂಚ್ ಪೇಪರಿಗೆ ಹನ್ನೊಂದ ಮಂದಿ ಹೆಸರ ಕೊಟ್ಟಾರ್ರಿ. ಎಲ್ಲಿಂದ ಶುರು ಮಾಡ್ಲಿ?” ಎಂದು ಕೇಳಿದಳು. ಯಾವ ಪುಸ್ತಕ, ಯಾವ ವ್ಯಾಕರಣ ಎಂದೆಲ್ಲ ಹೇಳಿದೆ. ಫೋನ್ ಇಟ್ಟ ಮೇಲೆ, ಹೇಳಬೇಕಾದದ್ದು ಅದಲ್ಲ ಅನಿಸಿತು. ಹಾಗಾಗಿ ಬರೆಯಲು ಕುಳಿತಿದ್ದೇನೆ. ನನ್ನ ಬಡ್ತಿ, ಸನ್ಮಾನ, ಸಮಿತಿಗಳ ವಿಷಯ ಇಲ್ಲಿಲ್ಲ. ಅವೆಲ್ಲ ಸೇವಾ ಪುಸ್ತಕದಲ್ಲಿ ಭದ್ರವಾಗಿವೆ, ಅಲ್ಲೇ ಇರಲಿ.

ನಾನು ಐನಾಪುರದವಳು. ನಮ್ಮದು ದ್ರಾಕ್ಷಿ ತೋಟ, ಒಂದಿಷ್ಟು ಕಬ್ಬು. ಇಂಗ್ಲಿಷ್ ಎಂ.ಎ. ಮಾಡಲು ವಿಶ್ವವಿದ್ಯಾಲಯಕ್ಕೆ ಹೋದಾಗ ಎರಡನೇ ವರ್ಷ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಿತ್ತು. ಗೆಳತಿಯರೆಲ್ಲ ಸುಲಭವಾದದ್ದನ್ನು ಹುಡುಕಿಕೊಂಡರು. ನಾನು ಸೂಚನಾ ಫಲಕದಲ್ಲಿ ‘ಆಧುನಿಕ ಫ್ರೆಂಚ್ ಸಾಹಿತ್ಯ’ ಎಂಬುದನ್ನು ಓದಿ, ಯಾಕೆಂದು ನನಗೇ ಗೊತ್ತಾಗದೆ ಅದರ ಕೆಳಗೆ ಹೆಸರು ಬರೆದೆ. ರಜೆಗೆ ಊರಿಗೆ ಹೋದಾಗ ಅಪ್ಪ ತೋಟದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆಯುತ್ತಿದ್ದರು.

“ಫ್ರೆಂಚ್ ಅಂದ್ರ ಯಾವ ಕಡೀದವಾ?” ಎಂದು ಕೇಳಿದರು.

“ನೀವು ಹೊಡ್ಯಾಕತ್ತೀರಲ್ಲಪ್ಪಾ, ಬೋರ್ಡೋ ಔಷಧ. ಆ ಬೋರ್ಡೋ ಅನ್ನೂದು ಅವರ ದೇಶದ ಒಂದ ಊರು.”

ಅಪ್ಪ ಪಂಪು ನಿಲ್ಲಿಸಿ, ಮೈಲುತುತ್ತಿನಿಂದ ನೀಲಿಯಾದ ತಮ್ಮ ಕೈ ನೋಡಿಕೊಂಡರು. “ಹೌದಾ? ಹಂಗಾರ ಕಲಿ. ದ್ರಾಕ್ಷಿ ಬೆಳ್ಯಾವ್ರಂದ್ರ ನಮ್ಮಂಥಾ ಮಂದೀನ ಇರಬೇಕು” ಎಂದರು.

ಆ ಪೇಪರು ಕಲಿಸುತ್ತಿದ್ದವರು ಇನಾಮದಾರ ಸರ್. ಅಥಣಿಯವರು, ಎರಡು ವರ್ಷ ಪ್ಯಾರಿಸ್ಸಿನಲ್ಲಿದ್ದು ಬಂದವರು. ತರಗತಿಯಲ್ಲಿ ನಾವು ಆರೇ ಜನ. ಸರ್ ಕಿಟಕಿಯ ಹತ್ತಿರ ನಿಂತು ಮೊದಲು ಫ್ರೆಂಚಿನಲ್ಲಿ ಓದುವರು. ನಮಗೆ ಅರ್ಥವಾಗದಿದ್ದರೂ ಪೂರ್ತಿ ಓದುವರು. “ಮೊದಲ ಕಿವಿಗೆ ಬೀಳಲಿ, ತಿಳುವಳಿಕಿ ಹಿಂದಿಂದ ಬರ್ತದ” ಎನ್ನುವರು. ಮಾತಿನ ನಡುವೆ ಇದ್ದಕ್ಕಿದ್ದಂತೆ ನಿಂತು, ಒಂದು ಶಬ್ದಕ್ಕೆ ಸರಿಯಾದ ಕನ್ನಡ ಸಿಗುವವರೆಗೆ ಐದೈದು ನಿಮಿಷ ಸುಮ್ಮನಿರುವರು. ಒಂದು ಶಬ್ದಕ್ಕಾಗಿ ಅಷ್ಟು ಹೊತ್ತು ಕಾಯುವ ಮನುಷ್ಯನನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಮೇಷ್ಟರಾಗಬೇಕು ಎಂದು ನಾನು ನಿಶ್ಚಯಿಸಿದ್ದು ಆ ಕಿಟಕಿಯ ಎದುರು ಕುಳಿತೇ.

ನಿಪ್ಪಾಣಿಯ ಕಾಲೇಜಿಗೆ ಸೇರಿದ ಕೆಲವು ವರ್ಷಗಳಿಗೆ ವಿಶ್ವವಿದ್ಯಾಲಯವು ಬಿ.ಎ.ಗೂ ಫ್ರೆಂಚ್ ಸಾಹಿತ್ಯದ ಒಂದು ಪರಿಚಯ ಪತ್ರಿಕೆಯನ್ನು ತಂದಿತು. ಉತ್ತರವನ್ನು ಕನ್ನಡದಲ್ಲಿಯೂ ಬರೆಯಬಹುದಿತ್ತು. ನಮ್ಮ ಭಾಗದಲ್ಲಿ ಅದನ್ನು ಕಲಿಸಬಲ್ಲವಳು ನಾನೊಬ್ಬಳೇ. ಮೊದಲ ದಿನ ನಾನು ದೊಡ್ಡ ಗಂಟಲಿನಲ್ಲಿ ಆಧುನಿಕ ಮನುಷ್ಯನ ಒಂಟಿತನದ ಬಗ್ಗೆ ಉಪನ್ಯಾಸ ಕೊಟ್ಟೆ. ಮುಗಿದ ಮೇಲೆ, ಮನೆಯಲ್ಲಿ ಬೀಡಿ ಕಟ್ಟಿ ಕಾಲೇಜಿಗೆ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಮೇಡಂ, ಆ ಒಂಟಿತನ ಎಲ್ಲಿ ಸಿಗತೈತ್ರಿ? ನಮ್ಮ ಎರಡ ಖೋಲಿ ಮನ್ಯಾಗ ಹನ್ನೊಂದ ಮಂದಿ ಅದೀವಿ” ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಬಂದು ಟಿಪ್ಪಣಿಯನ್ನೇನೂ ಬದಲಿಸಲಿಲ್ಲ. ಅದೇ ನನ್ನ ಮೊದಲ ತಪ್ಪು. ಪ್ರಶ್ನೆಯನ್ನು ನಗೆ ಮಾಡಿ ದಾಟಿದೆ.

ಆಗ ಕಲಿಸುವುದೇ ಒಂದು ಮೈಕೆಲಸವಾಗಿತ್ತು. ಇದ್ದದ್ದು ಒಂದೇ ಪುಸ್ತಕ. ಕಪ್ಪು ಹಲಗೆಯ ಮೇಲೆ ಬರೆದದ್ದನ್ನು ಹುಡುಗಿಯರು ನಕಲು ಮಾಡಿಕೊಳ್ಳುವರು. ಉಚ್ಚಾರಕ್ಕೆ ಸರ್ ಕೊಟ್ಟಿದ್ದ ಎರಡು ಕ್ಯಾಸೆಟ್ಟು. ಕರೆಂಟು ಹೋದರೆ ಪ್ಯಾರಿಸ್ಸೂ ಹೋಯಿತು. ಆಮೇಲೆ ಝೆರಾಕ್ಸ್ ಬಂತು, ಆಮೇಲೆ ಫೋನುಗಳು ಬಂದವು. ಈಗ ನಮ್ಮ ಹುಡುಗಿಯರು ನನಗಿಂತ ಚೆನ್ನಾಗಿ ಉಚ್ಚರಿಸುತ್ತಾರೆ. ಇಷ್ಟೆಲ್ಲ ಬದಲಾದರೂ ಒಂದು ಮಾತ್ರ ಬದಲಾಗಲಿಲ್ಲ. ಅದು ಇನಾಮದಾರ ಸರ್ ಅವರ ಟಿಪ್ಪಣಿ. ವಿಶ್ವವಿದ್ಯಾಲಯ ಅದನ್ನು ಕಥೆಗಳ ಕನ್ನಡ ಅನುವಾದದ ಜೊತೆ ಅಧ್ಯಯನ ಸಾಮಗ್ರಿಯಾಗಿ ಅಚ್ಚು ಹಾಕಿಸಿತ್ತು. ನನಗೆ ಅದು ಬಾಯಿಪಾಠ.

ಆ ಪತ್ರಿಕೆಯಲ್ಲಿ ಗುಡ್ಡದ ಮೇಲಿನ ಒಂದು ಹಳ್ಳಿಯ ಕಥೆಯಿತ್ತು. ಚಳಿಗಾಲ. ಒಬ್ಬಳೇ ಇರುವ ಮುದುಕಿ, ಅವಳ ಕೆಲವು ಕುರಿಗಳು. ಒಂದು ಕುರಿಯ ಮರಿ ಹುಟ್ಟಿದ ಕೂಡಲೇ ಸಾಯುತ್ತದೆ. ಕೊನೆಯ ಮೂರು ವಾಕ್ಯ ಹೀಗೆ: ಮುದುಕಿ ಸತ್ತ ಮರಿಯ ಚರ್ಮ ಸುಲಿದು ಅದಕ್ಕೆ ಹೊದಿಸಿ ಕಟ್ಟಿದಳು. ತಾಯಿ ಬಹಳ ಹೊತ್ತು ಮೂಸಿತು. ಆಮೇಲೆ ಸುಮ್ಮನೆ ನಿಂತಿತು.

‘ಅದಕ್ಕೆ’ ಅಂದರೆ ತಾಯಿ ಕುರಿಗೆ ಎಂದು ಸರ್ ಹೇಳಿದ್ದರು. ತನ್ನ ಮಗುವಿನ ಸಾವನ್ನು ತಾನೇ ಬೆನ್ನ ಮೇಲೆ ಹೊತ್ತು ನಿಲ್ಲುವ ತಾಯಿ, ಅರ್ಥವಿಲ್ಲದ ಕ್ರೂರ ಜಗತ್ತು, ಸೋತು ಸುಮ್ಮನಾಗುವ ಜೀವ. ಈ ಪಾಠ ನನಗೆ ಬಹಳ ಹೆಸರು ತಂದಿತ್ತು. ಅದನ್ನು ಹೇಳುವ ದಿನ ಬೇರೆ ವಿಭಾಗದವರೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೊನೆಯ ವಾಕ್ಯ ಹೇಳಿ ನಾನು ಪುಸ್ತಕ ಮುಚ್ಚಿದರೆ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೆ ಅಳಿಸಿದೆ.

ನಿವೃತ್ತಿಗೆ ಐದು ವರ್ಷ ಇರುವಾಗ ರೇಣುಕಾ ನನ್ನ ತರಗತಿಗೆ ಬಂದಳು. ಭೋಜದವಳು. ಕುರಿ ಕಾಯುವ ಮನೆತನ. ಪಿ.ಯು.ಸಿ. ಮುಗಿದ ಕೂಡಲೇ ಮದುವೆಯಾಗಿ, ಮಗಳು ಶಾಲೆಗೆ ಹೋಗುವಂತಾದ ಮೇಲೆ ಮತ್ತೆ ಬಿ.ಎ.ಗೆ ಸೇರಿದ್ದಳು. ಉಳಿದವರಿಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಫ್ರೆಂಚ್ ಯಾಕೆ ತೆಗೆದುಕೊಂಡೆ ಎಂದು ಕೇಳಿದೆ.

“ಬ್ಯಾರೇ ಐಚ್ಛಿಕ ವಿಷಯ ಎಲ್ಲಾ ಎಂಟಕ್ಕ ಅದಾವ್ರಿ. ಇದೊಂದ ಹತ್ತೂವರಿಗೆ ಐತಿ. ನಮ್ಮ ಬಸ್ಸ ಬರೂದ ಹತ್ತಕ್ಕರಿ” ಎಂದಳು. ಇಷ್ಟು ಪ್ರಾಮಾಣಿಕ ಕಾರಣವನ್ನು ಯಾರೂ ಕೊಟ್ಟಿರಲಿಲ್ಲ.

ಅವಳು ಮಾತು ಕಡಿಮೆ. ನನ್ನ ಆ ಪ್ರಸಿದ್ಧ ಪಾಠದ ದಿನ ಎಲ್ಲರೂ ಕಣ್ಣೊರೆಸಿಕೊಳ್ಳುವಾಗ ಅವಳು ಪುಸ್ತಕದ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವುತ್ತಿದ್ದಳು. ಇವಳಿಗೆ ಮನಸ್ಸಿಗೆ ಹತ್ತಲಿಲ್ಲ ಎಂದುಕೊಂಡೆ.

ಕೊನೆಯ ವರ್ಷದ ಪರೀಕ್ಷೆಯಲ್ಲಿ ಆ ಕಥೆಯ ಅಂತ್ಯವನ್ನು ವಿವರಿಸಿ ಎಂದು ಹದಿನೈದು ಅಂಕದ ಪ್ರಶ್ನೆ ಬಂತು. ಉತ್ತರ ಪತ್ರಿಕೆಗಳ ಮೌಲ್ಯಮಾಪನ ಮಾಡಿದವಳು ನಾನೇ. ಹೆಸರು ಇರುವುದಿಲ್ಲ, ಬರೀ ಸಂಖ್ಯೆ. ಒಂದು ಉತ್ತರ ಪತ್ರಿಕೆಯಲ್ಲಿ, ಮುದುಕಿ ಆ ಚರ್ಮವನ್ನು ತಬ್ಬಲಿ ಮರಿಗೆ ಹೊದಿಸಿದಳು, ತಾಯಿ ಅದನ್ನು ತನ್ನ ಮರಿ ಅಂದುಕೊಂಡು ಹಾಲು ಕುಡಿಸಿತು, ಇದು ಸಂತೋಷದ ಕಥೆ ಎಂದು ಬರೆದಿತ್ತು. ನಾನು ಕೆಂಪು ಮಸಿಯಲ್ಲಿ ‘ಇದು ಕಥೆಯಲ್ಲಿ ಇಲ್ಲ’ ಎಂದು ಬರೆದು ಎರಡು ಅಂಕ ಹಾಕಿದೆ.

ಫಲಿತಾಂಶ ಬಂದ ವಾರಕ್ಕೆ ರೇಣುಕಾ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ವಿಶ್ವವಿದ್ಯಾಲಯದಿಂದ ತರಿಸಿಕೊಂಡ ಉತ್ತರ ಪತ್ರಿಕೆಯ ನಕಲು. ನನ್ನ ಕೆಂಪು ಅಕ್ಷರ ಅದರಲ್ಲಿ ಕಪ್ಪಾಗಿ ಮೂಡಿತ್ತು. ನಾಲ್ಕು ಅಂಕಕ್ಕೆ ಅವಳು ನಪಾಸಾಗಿದ್ದಳು. ಬೇರೆ ಎಲ್ಲ ವಿಷಯವೂ ಪಾಸು.

“ಜಗಳಕ್ಕ ಬಂದಿಲ್ರಿ ಮೇಡಂ” ಎಂದಳು ಮೊದಲೇ. “ತಪ್ಪ ಎಲ್ಲಿ ಆಗೇತಿ ತೋರಸ್ರಿ. ತಿಳ್ಕೊಂಡ ಹೋಗ್ತೀನಿ.”

ಕೂಡಿಸಿ ವಿವರಿಸಿದೆ. ಚರ್ಮ ಹೊದಿಸಿದ್ದು ತಾಯಿ ಕುರಿಗೆ, ಅದು ಒಂದು ಸಂಕೇತ ಎಂದೆ.

“ಕುರಿಗೆ ಯಾಕ್ ಹೊದಸ್ತಾರ್ರಿ?” ಎಂದಳು ನಿಜವಾದ ಅಚ್ಚರಿಯಿಂದ. “ಅದರ ಮೈಮ್ಯಾಲ ಅದರದ ಉಣ್ಣೆ ಇರತೈತಲ್ರಿ.”

“ಸಂಕೇತ ಅಂದ್ರ ಹಂಗಲ್ಲ ರೇಣುಕಾ...”

ಅವಳು ತಲೆ ತಗ್ಗಿಸಿದಳು. “ಇರಬೌದ್ರಿ. ನಮಗ ಕುರಿ ಅಂದ್ರ ಕುರೀನರಿ.” ನಕಲನ್ನು ಮಡಿಚಿಕೊಂಡಳು. ಮುಂದಿನ ವರ್ಷ ಬರೆಯಬಹುದಲ್ಲ ಎಂದೆ. ಅದಾಗುವುದಿಲ್ಲ ಎಂದಳು. ಸುಗ್ಗಿಯ ಹೊತ್ತಿಗೆ ಅವರ ಕುರಿಗಳು ತಿಂಗಳುಗಟ್ಟಲೆ ಬೇರೆ ಸೀಮೆಗೆ ಹೋಗುತ್ತವೆ. ಮೂರು ವರ್ಷ ಇವಳ ಬದಲು ಅತ್ತೆಯೇ ಇವಳ ಗಂಡನ ಜೊತೆ ಕುರಿಗಳ ಹಿಂದೆ ನಡೆದಿದ್ದರು. “ಅವರ ಮೊಣಕಾಲ ಮುಗದಾವ್ರಿ. ಬಿ.ಎಡ್. ಆದ್ರ ಇಲ್ಲೇ ನೌಕರಿ ಹಿಡದ ಮನಿ ನಡಸಬೇಕಂತಿದ್ನಿ. ಇರ್ಲಿ ಬಿಡ್ರಿ.” ನಮಸ್ಕಾರ ಮಾಡಿ ಹೊರಟುಹೋದಳು.

ಅವಳು ಜಗಳವಾಡಿದ್ದರೆ ನಾನು ಗೆದ್ದುಬಿಡುತ್ತಿದ್ದೆ. ಅವಳು ಒಪ್ಪಿಕೊಂಡು ಹೋದದ್ದು ನನ್ನನ್ನು ಸುಮ್ಮನೆ ಕೂರಗೊಡಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಮೂಲ ಪುಸ್ತಕ ತೆರೆದೆ. ನಾನು ಎಷ್ಟೋ ವರ್ಷದಿಂದ ಟಿಪ್ಪಣಿಯನ್ನೇ ಓದುತ್ತಿದ್ದೆ, ಕಥೆಯನ್ನಲ್ಲ. ಫ್ರೆಂಚಿನಲ್ಲಿ ಅಲ್ಲಿ ಇದ್ದದ್ದು ‘ಲುಯಿ’ ಎಂಬ ಪುಟ್ಟ ಶಬ್ದ. ಅವನಿಗೆ, ಅವಳಿಗೆ, ಅದಕ್ಕೆ, ಎಲ್ಲದಕ್ಕೂ ಅದೊಂದೇ. ಗಂಡೋ ಹೆಣ್ಣೋ, ತಾಯಿಯೋ ಮರಿಯೋ, ಆ ಶಬ್ದ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಪುಟ ಹಿಂದಕ್ಕೆ ಹೋದೆ. ಅಲ್ಲಿ, ಒಲೆಯ ಪಕ್ಕದ ಪೆಟ್ಟಿಗೆಯಲ್ಲಿ, ತಾಯಿ ಸತ್ತ ಇನ್ನೊಂದು ಮರಿ ಮಲಗಿತ್ತು. ಅದು ಹಳ್ಳಿಯ ವರ್ಣನೆ ಎಂದು ನಾನು ಯಾವಾಗಲೂ ದಾಟಿಸಿಬಿಡುತ್ತಿದ್ದ ಭಾಗ. ರೇಣುಕಾ ಅಂದು ಪುಟ ತಿರುವಿ ಹುಡುಕುತ್ತಿದ್ದದ್ದು ಆ ಮರಿಯನ್ನು.

ಆದರೂ ಖಾತ್ರಿಯಾಗಲಿಲ್ಲ. ಭಾನುವಾರ ಬೆಳಿಗ್ಗೆ ಭೋಜದ ಬಸ್ಸು ಹತ್ತಿದೆ. ಊರಾಚೆ, ಸೋಯಾ ಕೊಯ್ದ ಹೊಲದಲ್ಲಿ ಅವರ ಕುರಿದಡ್ಡಿಯಿತ್ತು. ರೇಣುಕಾ ನೀರು ತರಲು ಹೋಗಿದ್ದಳು. ಅವಳ ಅತ್ತೆ ಯಲ್ಲವ್ವ ಕಂಬಳಿ ಹಾಸಿದರು. “ಬರ್ರಿ ಬಾಯಾರ, ಕುಂಡ್ರ್ರಿ. ಚಹಾ ಕುರಿಹಾಲಿಂದು, ನಡೀತೈತಲ್ರಿ?”

ಬಂದ ಕಾರಣ ಹೇಳಿದೆ. ಕಥೆಯನ್ನೂ ಹೇಳಿದೆ. ಯಲ್ಲವ್ವ ಗಲ್ಲಕ್ಕೆ ಕೈಕೊಟ್ಟು ಕೇಳಿದರು. ಕೊನೆಯ ವಾಕ್ಯಕ್ಕೆ ಬರುವ ಮೊದಲೇ, “ಪೆಟಿಗ್ಯಾಗಿನ ಮರಿಗೆ ಹಾಕಿದ್ಲೇನು?” ಎಂದರು. ಫ್ರಾನ್ಸ್ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಇಪ್ಪತ್ತು ವರ್ಷದಲ್ಲಿ ಕಾಣದ್ದು ಅವರಿಗೆ ಕಥೆ ಮುಗಿಯುವ ಮುಂಚೆಯೇ ಕಂಡಿತ್ತು.

“ನಾವು ಚರ್ಮ ಸುಲ್ಯಾಂಗಿಲ್ರಿ” ಎಂದರು. “ಸತ್ತ ಮರಿ ಮೈ ಒಂದ ಹರಕ ಬಟ್ಟಿ ಅರಬೀಲೆ ಒರಸ್ತೀವಿ. ಅದ ಅರಬಿ ತಬ್ಬಲಿ ಮರಿ ಮೈಗೆ ತಿಕ್ತೀವಿ. ತಾಯಿಗೆ ವಾಸನಿ ಒಂದ ಗುರ್ತು. ಆ ಮುದಕಿ ಶಾಣ್ಯಾಕಿ ಅದಾಳ. ಚಳಿ ಸೀಮಿ ನೋಡ್ರಿ, ಮರಿಗೆ ಬೆಚ್ಚಗೂ ಆತು.”

ನಾನು ಕುರಿಗಳ ಕಡೆ ನೋಡುತ್ತ ಕುಳಿತೆ. ಕ್ರೂರ ಜಗತ್ತಿನ ಕಥೆಯೆಂದು ನಾನು ಇಷ್ಟು ವರ್ಷ ಹೇಳಿದ್ದು, ಒಬ್ಬ ಮುದುಕಿ ಎರಡು ಜೀವಗಳನ್ನು ಕೂಡಿಸಿದ ಕಥೆಯಾಗಿತ್ತು. ‘ಸುಮ್ಮನೆ ನಿಂತಿತು’ ಅಂದರೆ ಸೋತು ನಿಂತದ್ದಲ್ಲ. ಮರಿ ಹಾಲು ಕುಡಿಯಲಿ ಎಂದು ನಿಂತದ್ದು. ನನಗೆ ಮೊದಲು ಬಂದದ್ದು ಸಂಕಟವಲ್ಲ, ಸಂತೋಷ. ಆ ಕುರಿಯ ಬಗ್ಗೆ ಅಷ್ಟು ವರ್ಷ ಮರುಗಿದ್ದೆನಲ್ಲ, ಅದಕ್ಕೆ ಒಳ್ಳೆಯದೇ ಆಗಿತ್ತು ಎಂದು. ನಾಚಿಕೆ ಬಂದದ್ದು ಆಮೇಲೆ.

ಹೊರಡುವಾಗ ಯಲ್ಲವ್ವನಿಗೆ ಹೇಳಿದೆ, “ತಪ್ಪ ನಂದ್ರಿ ಅವ್ವಾರ. ನಿಮ್ಮ ಮೊಣಕಾಲಿನ ವಿಷಯ ರೇಣುಕಾ ಹೇಳಿದ್ಲು.”

“ನನ್ನ ಮೊಣಕಾಲ ನಾ ನೋಡ್ಕೋತೀನಿ” ಎಂದರು ಯಲ್ಲವ್ವ. “ನೀವು ಆಕಿ ಪೇಪರ ನೋಡ್ರಿ.”

ಮರು ಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಆ ವಾರವೇ ಕಡೆ. ಆದರೆ ತೊಡಕಿತ್ತು. ಬೇರೆ ಯಾರು ನೋಡಿದರೂ ಮಾದರಿ ಉತ್ತರ ಇಟ್ಟುಕೊಂಡೇ ನೋಡುತ್ತಾರೆ. ಆ ಮಾದರಿ ಉತ್ತರ ಬರೆದವಳು ನಾನು, ಸರ್ ಅವರ ಟಿಪ್ಪಣಿಯಿಂದ. ಅದೇ ತಪ್ಪು ಎಂದು ನಾನು ಬರೆದುಕೊಡಬೇಕು. ಬರೀ ನನ್ನ ಮಾತು ಸಾಲದು, ಅಚ್ಚಾದ ಟಿಪ್ಪಣಿ ಬರೆದವರೂ ಒಪ್ಪಬೇಕು.

ನಮ್ಮ ಪ್ರಾಂಶುಪಾಲರು ಪಾಟೀಲ ಸಾಹೇಬರು. ಒರಟು ಮಾತು, ಒಳ್ಳೆಯ ಮನಸ್ಸು. ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬಾಯಾರ, ಇಷ್ಟ ವರ್ಷ ಕಟ್ಟಿದ ಹೆಸರು. ನೀವ ಕೊಟ್ಟ ಮಾರ್ಕು ನೀವ ತಪ್ಪಂದ್ರ, ಹಳೇ ಹುಡುಗೂರೆಲ್ಲಾ ಬಂದ ನಿಂತ್ರ ಏನ್ ಮಾಡಾವ್ರು? ಆಕಿಗೆ ಮತ್ತ ಪರೀಕ್ಷಾ ಬರ್ಯಾಕ ಹೇಳ್ರಿ.”

“ಮತ್ತ ಬರದ್ರೂ ಸರೀನ ಬರೀತಾಳ್ರಿ ಸರ್. ನಾವು ಮತ್ತ ತಪ್ಪ ಅಂತೀವಿ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು, “ಪತ್ರಾ ಬರೀರಿ. ನಾನೂ ಸಹಿ ಮಾಡ್ತೀನಿ” ಎಂದರು.

ಇನ್ನು ಉಳಿದದ್ದು ಇನಾಮದಾರ ಸರ್. ಅಷ್ಟೊತ್ತಿಗೆ ಅವರು ಅಥಣಿಯ ಮನೆಯಲ್ಲಿದ್ದರು. ವಯಸ್ಸು ಎಂಬತ್ತು ಸಮೀಪಿಸಿತ್ತು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಮರಳಿ ಹೋಗಿಬಿಡಲೇ ಅನಿಸಿತು. ಆ ಟಿಪ್ಪಣಿ ಅವರ ಜೀವಮಾನದ ಕೆಲಸ. ಇಷ್ಟು ವಯಸ್ಸಾದವರಿಗೆ ಹೋಗಿ ನಿಮ್ಮದು ತಪ್ಪು ಎಂದು ಹೇಗೆ ಹೇಳುವುದು? ಕೃಷ್ಣಾ ನದಿಯ ಸೇತುವೆ ದಾಟುವವರೆಗೂ ಒಳಗೊಳಗೇ ವಾಕ್ಯ ಜೋಡಿಸುತ್ತಿದ್ದೆ.

ಸರ್ ಪಡಸಾಲೆಯಲ್ಲಿ ಆರಾಮ ಕುರ್ಚಿಯ ಮೇಲಿದ್ದರು. ಜೋಡಿಸಿದ ವಾಕ್ಯಗಳೆಲ್ಲ ಮರೆತುಹೋದವು. ಮರು ಮೌಲ್ಯಮಾಪನದ ಕಡೆಯ ದಿನವನ್ನಷ್ಟೇ ಹೇಳಿ, ರೇಣುಕಾಳ ಉತ್ತರದ ನಕಲನ್ನು ಅವರ ಕೈಗಿಟ್ಟೆ. ಅವರು ಭೂತಗನ್ನಡಿ ಹಿಡಿದು ಸಾಲು ಸಾಲು ಓದಿದರು. ನನ್ನ ಷರಾ ಓದಿದರು. ಆಮೇಲೆ ಕಪಾಟಿನಿಂದ ಪುಸ್ತಕ ತರಲು ಹೇಳಿ, ಮೂಲವನ್ನು ಗಟ್ಟಿಯಾಗಿ ಓದಿದರು. ದನಿ ನಡುಗುತ್ತಿತ್ತು, ಉಚ್ಚಾರ ಹಾಗೇ ಇತ್ತು. ‘ಲುಯಿ’ ಬಂದಲ್ಲಿ ನಿಂತರು. ತರಗತಿಯಲ್ಲಿ ನಿಲ್ಲುತ್ತಿದ್ದಷ್ಟೇ ಹೊತ್ತು ನಿಂತರು.

“ಹೌದಲ್ಲವಾ” ಎಂದರು ಕೊನೆಗೆ. “ಮರಿಗೇ ಅದ ಇದು.”

ಪುಸ್ತಕವನ್ನು ತೊಡೆಯ ಮೇಲೆ ಮಗುಚಿಟ್ಟರು.

“ಆ ದೇಶದಾಗ ಎರಡ ವರ್ಷ ಇದ್ನಿ. ಒಂದ ಕುರೀನೂ ನೋಡ್ಲಿಲ್ಲ. ಗ್ರಂಥಾಲಯ ನೋಡಿದ್ನಿ, ಓಣಿ ನೋಡಿದ್ನಿ.” ಭೂತಗನ್ನಡಿ ಕೆಳಗಿಟ್ಟು, “ಅಲ್ಲಿ ಇರೂಮುಂದ ನನ್ನ ಅವ್ವ ಇಲ್ಲಿ ತೀರಿಕೊಂಡ್ಲು. ಮಣ್ಣಿಗೆ ಬರಲಿಕ್ಕೆ ಆಗ್ಲಿಲ್ಲ. ಈ ಕಥಿ ಓದಿದ್ದು ಅದ ಚಳಿಗಾಲದಾಗ. ನನಗ ಅದರಾಗ ದುಃಖ ಬಿಟ್ಟು ಬ್ಯಾರೆ ಏನೂ ಕಾಣ್ಲಿಲ್ಲ ಅಂತ ಕಾಣ್ತದ” ಎಂದರು.

ಇಷ್ಟು ವರ್ಷದ ಶಿಷ್ಯೆಯಾಗಿಯೂ ನನಗೆ ಆ ಮಾತು ಗೊತ್ತಿರಲಿಲ್ಲ. ನಾನು ವರ್ಷವರ್ಷ ಹುಡುಗಿಯರನ್ನು ಅಳಿಸಿದ್ದು ಸರ್ ಅವರ ತಾಯಿಗಾಗಿ. ಅವರ ಪಾದದ ಹತ್ತಿರ ನೆಲದ ಮೇಲೆ ಕುಳಿತುಬಿಟ್ಟೆ. ಅವರು ನನ್ನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, “ಕಾಗದ ಕೊಡು. ಯಾವಾಗ ಕಡೀ ದಿನ ಅಂದಿ?” ಎಂದರು. ತಮ್ಮ ಟಿಪ್ಪಣಿಯಲ್ಲಿನ ಅರ್ಥ ತಪ್ಪು, ಈ ವಿದ್ಯಾರ್ಥಿನಿಯ ಉತ್ತರವೇ ಸರಿ ಎಂದು ಕೈಯಾರೆ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದರು.

ಎರಡು ಪತ್ರಗಳ ಜೊತೆ ಅರ್ಜಿ ಹೋಯಿತು. ತಿಂಗಳೊಳಗೆ ಬದಲಾದ ಫಲಿತಾಂಶ ಬಂತು. ಆ ಪ್ರಶ್ನೆಗೆ ಹದಿಮೂರು ಅಂಕ. ರೇಣುಕಾ ಪಾಸಾದಳು. ಚಿಕ್ಕೋಡಿಯಲ್ಲಿ ಬಿ.ಎಡ್. ಸೀಟೂ ಸಿಕ್ಕಿತು. ಪಾಟೀಲ ಸಾಹೇಬರು ಹೆದರಿದಂತೆ ಹಳೆಯ ವಿದ್ಯಾರ್ಥಿಗಳು ಯಾರೂ ಬಂದು ನಿಲ್ಲಲಿಲ್ಲ. ನಾನೇ ಕೆಲವರಿಗೆ ಫೋನ್ ಮಾಡಿ, ಆ ಕಥೆ ನಾನು ತಪ್ಪು ಹೇಳಿದ್ದೆ, ಕುರಿಗೆ ಮರಿ ಸಿಕ್ಕಿತು ಎಂದು ಹೇಳಿದೆ. ಕೊಗನೊಳ್ಳಿಯ ಶಾಲೆಯಲ್ಲಿ ಟೀಚರಾಗಿರುವ ಒಬ್ಬಳು, “ಅಯ್ಯ, ಚೊಲೋ ಆತ್ರಿ ಮೇಡಂ” ಎಂದು ಫೋನಿನಲ್ಲೇ ಅತ್ತಳು. ಇದಕ್ಕೂ ಅಳಿಸಿದೆನಲ್ಲ ಎಂದು ನಗು ಬಂತು.

ಮುಂದಿನ ವರ್ಷದಿಂದ ನಾನು ಟಿಪ್ಪಣಿ ಕೊಡುವುದನ್ನು ನಿಲ್ಲಿಸಿದೆ. ಮೊದಲು ಕಥೆ ಓದಿಸಿ, “ಇದರಾಗಿಂದು ಏನರೆ ನಿಮ್ಮ ಮನ್ಯಾಗ ನೋಡೀರೇನು?” ಎಂದು ಕೇಳುತ್ತಿದ್ದೆ. ಗದ್ದಲವಾಗುತ್ತಿತ್ತು, ಪಾಠ ಮುಗಿಯುತ್ತಿರಲಿಲ್ಲ. ಆದರೆ ಅವರು ಹೇಳಿದ್ದರಲ್ಲಿ ಅರ್ಧದಷ್ಟಾದರೂ ನನಗೆ ಹೊಸದಾಗಿರುತ್ತಿತ್ತು. ನನ್ನ ಜಾಗಕ್ಕೆ ಬಂದ ಮಗಳೇ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದೆಯಲ್ಲ, ನಾನು ಇಲ್ಲಿಂದ ಶುರು ಮಾಡಿದೆ. ತಡವಾಗಿ ಮಾಡಿದೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಫಲಿತಾಂಶ ಬಂದ ಮೇಲೆ ಸರ್ ಫೋನ್ ಮಾಡಿ, ಆ ಹುಡುಗಿಯನ್ನು ಒಮ್ಮೆ ಕರೆದುಕೊಂಡು ಬಾ ಎಂದರು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಅಥಣಿಗೆ ಹೋದೆವು. ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಆರಾಮ ಕುರ್ಚಿಯಲ್ಲಿ ರೇಣುಕಾಳನ್ನು ಕೂಡಿಸಿ, ತಾವು ಎದುರಿಗೆ ಸಾದಾ ಕುರ್ಚಿಯಲ್ಲಿ ಕುಳಿತರು. ತೊಡೆಯ ಮೇಲೆ ಹೊಸ ನೋಟ್‌ಬುಕ್ಕು. “ಈ ಕಥಿ ಮೊದಲಿಂದ ಹೇಳಿಕೊಡ್ರಿ. ನಾ ಬರ್ಕೋತೀನಿ” ಎಂದರು.

ರೇಣುಕಾ ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಅವಳು ಸೆರಗು ಸರಿಪಡಿಸಿಕೊಂಡು, ಮೊದಮೊದಲು ತಡವರಿಸುತ್ತ, ಆಮೇಲೆ ನಿರಾಳವಾಗಿ, ಮುದುಕಿ ಆ ಚಳಿಗಾಲದಲ್ಲಿ ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಮರಿ ಹುಟ್ಟುವುದು, ಸಾಯುವುದು, ಚಾಕು ಎಲ್ಲಿಂದ ಹಾಕಿರಬೇಕು, ಮರಿಯ ಕಾಲುಗಳನ್ನು ಹೇಗೆ ಪೋಣಿಸಿರಬೇಕು. ಸರ್ ಬರೆದುಕೊಳ್ಳುತ್ತಲೇ ಇದ್ದರು. ನಡುವೆ ಒಮ್ಮೆ ಬಲಗೈ ಮೇಲೆತ್ತಿದರು. ಏನೆಂದು ಮೊದಲು ನಮಗೆ ತಿಳಿಯಲಿಲ್ಲ. ಪ್ರಶ್ನೆ ಕೇಳಲು ಅನುಮತಿ ಬೇಡುತ್ತಿದ್ದರು.

“ಕೇಳ್ರಿ ಸರ್” ಎಂದಳು ರೇಣುಕಾ, ಗಾಬರಿಯಿಂದ.

“ಆ ಚರ್ಮ ಎಷ್ಟ ದಿವಸಕ್ಕ ತಗೀತಾರ್ರಿ?”

ಅವಳು ಬೆರಳು ಮಡಿಚಿ ಎಣಿಸಿದಳು. “ನಮ್ಮ ಅರಬಿ ಲೆಕ್ಕದಾಗ ಹೇಳೂದಾದ್ರ ಮೂರು ದಿನಾ ಸಾಕಾಗತೈತ್ರಿ. ಆಮ್ಯಾಲ ಬೇಕಾಗಾಂಗಿಲ್ರಿ ಸರ್. ಅಷ್ಟ್ರಾಗ ಅದು ಅದರ ಮರೀನ ಆಗಿರತೈತಿ.”

ಸರ್ ಅದನ್ನು ಅವಳು ಹೇಳಿದಂತೆಯೇ, ಒಂದು ಅಕ್ಷರವನ್ನೂ ತಿದ್ದದೆ, ನಿಧಾನವಾಗಿ ಬರೆದುಕೊಂಡರು.